ಅಡ್ಡಿಲ್ಲೆ ಅಂದ ಮೇಲೆ

ಎಲ್ಲರಿಗೂ ಸಾಹೇಬರಾಗಿದ್ದ ನನ್ನ ಅಪ್ಪಾ,

ಯಲ್ಲಾಪುರದ ಬಸ್ ಸ್ಟ್ಯಾಂಡ್ ಎದುರು ನಿನ್ನ ಫೋಟೋ ನಿಲ್ಲಿಸಿದ್ದಾರೆ. ಹತ್ತಡಿ ಎತ್ತರ. ಮೀಸೆಯನ್ನು ಕಪ್ಪಾಗಿ ಮಾಡಿದ್ದಾರೆ, ನೀನು ನೋಡಿದ್ದರೆ ಬೈದು ತೆಗೆಸುತ್ತಿದ್ದೆ. ಪಕ್ಕದಲ್ಲಿ ಕೈ ಮುಗಿದುಕೊಂಡು ನಾನು. ಕೆಳಗೆ ದಪ್ಪ ಅಕ್ಷರದಲ್ಲಿ ‘ಸಾಹೇಬರ ಕೊನೆಯ ಮಾತು: ಅಡ್ಡಿಲ್ಲೆ’ ಅಂತ. ಆ ಬ್ಯಾನರನ್ನು ಇವತ್ತು ಮಧ್ಯಾಹ್ನ ನಾಲ್ಕು ಜನ ಸೇರಿ ಹರಿದರು. ನಿನ್ನ ಅರ್ಧವನ್ನು ಮುಟ್ಟಲಿಲ್ಲ, ನನ್ನ ಅರ್ಧವನ್ನು ಮಾತ್ರ. ಯಾಕೆ ಅಂತ ಹೇಳುವುದಕ್ಕೇ ಈಗ ಯಲ್ಲಾಪುರದ ನಿನ್ನ ಆಫೀಸಿನ ಕೋಣೆಯಲ್ಲಿ ಕೂತಿದ್ದೇನೆ. ನಿನ್ನ ಕುರ್ಚಿಯಲ್ಲಲ್ಲ, ಅರ್ಜಿ ಹಿಡಿದು ಬಂದವರು ಕೂರುತ್ತಿದ್ದ ಬೆಂಚಿನ ಮೇಲೆ.

ಶಿರಸಿಯ ಆಸ್ಪತ್ರೆಯ ಆ ಮಧ್ಯಾಹ್ನ ನಿನಗೆ ನೆನಪಿದೆಯಾ? ನೀನು ಕಣ್ಣು ಮುಚ್ಚಿದ್ದೆ. ನಾನು ತಲೆಯ ಹತ್ತಿರ ನಿಂತಿದ್ದೆ, ಪಕ್ಷದ ಅಧ್ಯಕ್ಷರು ಕಾಲಿನ ಹತ್ತಿರ. ಅವರು ಬಗ್ಗಿ, “ಸಾಹೇಬ್ರೆ, ನಿಮ್ಮ ನಂತ್ರ ಮಗಳನ್ನೇ ನಿಲ್ಸ್ತೇವೆ. ಆಗ್ಬಹುದಾ?” ಅಂದರು. ಅದೇ ಹೊತ್ತಿಗೆ ನಾನು, “ಅಪ್ಪಾ, ದಿಂಬು ಚೂರು ಎತ್ತರ ಮಾಡ್ಲಾ?” ಅಂದೆ. ಎರಡು ಪ್ರಶ್ನೆ ನಿನ್ನ ಮೈಮೇಲೆ ಒಟ್ಟಿಗೆ ಬಿದ್ದವು. ನೀನು ಕಣ್ಣು ತೆರೆಯದೆ “ಅಡ್ಡಿಲ್ಲೆ” ಅಂದೆ. ಅಧ್ಯಕ್ಷರು ಕಣ್ಣೊರೆಸಿಕೊಂಡು ಹೊರಗೆ ಓಡಿದರು. ನಾನು ದಿಂಬಿಗೆ ಕೈ ಹಾಕುವಷ್ಟರಲ್ಲಿ ಕೆಳಗೆ ಗೇಟಿನ ಹತ್ತಿರ ‘ಸಾಹೇಬ್ರು ಒಪ್ಪಿದ್ರು’ ಅಂತ ಕೂಗು ಎದ್ದಿತ್ತು. ಆಮೇಲೆ ನೀನು ಮಾತಾಡಲೇ ಇಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗಲೇ ನಿನ್ನ ಈ ಮಾತಿನ ಗುಟ್ಟು ನನಗೆ ತಿಳಿದಿತ್ತು. ಉಳಿದವರ ಬಾಯಲ್ಲಿ ಅಡ್ಡಿಲ್ಲೆ ಅಂದರೆ ಪರವಾಗಿಲ್ಲ, ಆಗಬಹುದು. ನಿನ್ನ ಬಾಯಲ್ಲಿ ಅಲ್ಲ. ಇದೇ ಕೋಣೆಯಲ್ಲಿ ಜನ ತಮ್ಮ ಕಷ್ಟ ಹೇಳುತ್ತಿದ್ದರು, ನಿನ್ನ ಬಲಕ್ಕೆ ಆಪ್ತ ಸಹಾಯಕ ಗಜಾನನಣ್ಣ ಡೈರಿ ಹಿಡಿದು ಕೂತಿರುತ್ತಿದ್ದ. ನೀನು “ಆಗ್ತು” ಅಂದರೆ ಅವನು ಪೆನ್ನಿನ ಮುಚ್ಚಳ ತೆಗೆದು ಬರೆಯುತ್ತಿದ್ದ. “ಅಡ್ಡಿಲ್ಲೆ” ಅಂದರೆ ಮುಚ್ಚಳ ತೆಗೆಯುತ್ತಿರಲಿಲ್ಲ. ಬಂದವರು ಎರಡಕ್ಕೂ ಕೈ ಮುಗಿದು ಖುಷಿಯಿಂದ ಹೋಗುತ್ತಿದ್ದರು. ಈ ಎರಡು ಮಾತನ್ನು ನೀನು ಶಾಸಕನಾಗಿ ವಿಧಾನಸೌಧದಲ್ಲೂ ಊರಿನ ಧಾಟಿಯಲ್ಲೇ ಆಡುತ್ತಿದ್ದೆಯಂತೆ. ಒಂದು ದಿನ ನಾನು ಕೇಳಿದೆ, “ಆಗದೇ ಇದ್ದಿದ್ದಕ್ಕೆ ‘ಇಲ್ಲೆ’ ಹೇಳಿ ಎಂತಕ್ಕೆ ಹೇಳ್ತಿಲ್ಲೆ ಅಪ್ಪಾ?” ನೀನು ನಕ್ಕೆ. “‘ಇಲ್ಲೆ’ ಹೇಳಿದ್ರೆ ಅವು ಮನೆವರೆಗೆ ಅಳ್ತಾ ಹೋಗ್ತ ಕೂಸೇ. ‘ಅಡ್ಡಿಲ್ಲೆ’ ಹೇಳಿದ್ರೆ ನಗ್ತಾ ಹೋಗ್ತ.” ಮನೆ ಮುಟ್ಟಿದ ಮೇಲೆ? ಅದನ್ನೂ ಕೇಳಿದೆ. ನೀನು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆ.

ನನ್ನ ಮದುವೆಯ ದಿನ ಧಾರೆಗೆ ನಿಂತಾಗ ನಿನ್ನ ಶಲ್ಯದ ಮಡಿಕೆಯಲ್ಲಿ ಮೂರು ಅರ್ಜಿಗಳಿದ್ದವು. ಒಂದು ಟ್ರಾನ್ಸ್‌ಫರ್, ಒಂದು ಹಳ್ಳ ದಾಟುವ ಕಾಲುಸಂಕ, ಇನ್ನೊಂದು ಯಾರದೋ ಪಡಿತರ ಚೀಟಿ. ಭಟ್ಟರು ಮಂತ್ರ ಹೇಳುತ್ತಿದ್ದರೆ ಹಿಂದಿನಿಂದ ಯಾರೋ ನಾಲ್ಕನೆಯದನ್ನು ತುರುಕಲು ನೋಡುತ್ತಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಾಹೇಬರ ಮಗಳಿಗೆ ನಗುವುದು ಚೆನ್ನಾಗಿ ಬರುತ್ತದೆ. ಶಾಲೆಯಲ್ಲಿ ಫಸ್ಟ್ ಬಂದರೆ ‘ಅಪ್ಪ ಹೇಳಿರಬೇಕು’, ಕಡಿಮೆ ಬಂದರೆ ‘ಅಪ್ಪನ ಹೆಸರಿಗೆ ಕುತ್ತು’. ಸಿದ್ದಾಪುರದ ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇವತ್ತಿಗೂ ಸ್ಟಾಫ್ ರೂಮಿನಲ್ಲಿ ನನ್ನ ಹೆಸರು ಸುಮಾ ಅಲ್ಲ.

ಮದುವೆಗೆ ಮೊದಲು, ನನಗೆ ಇಪ್ಪತ್ತೈದು ತುಂಬಿದ ವರ್ಷ, ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ನಮ್ಮೂರು ಮಂಚಿಕೇರಿಯ ತಾಲೂಕು ಪಂಚಾಯತಿ ಸೀಟು ಮಹಿಳೆಯರಿಗೆ ಅಂತ ಆಗಿತ್ತು. ನಿನ್ನ ಜೊತೆ ಊರೂರು ಸುತ್ತಿದವಳು ನಾನು, ನಿನ್ನ ಭಾಷಣ ತಿದ್ದಿದವಳು, ಯಾವ ಹಳ್ಳಿಯ ರಸ್ತೆ ಎಲ್ಲಿ ಕಿತ್ತಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲವಳು. ಎರಡು ರಾತ್ರಿ ಮಾತು ಜೋಡಿಸಿಕೊಂಡು ಕೇಳಿದೆ. “ಅಪ್ಪಾ, ಆ ಸೀಟಿಗೆ ಆನು ನಿಂತ್ಕಳ್ಲಾ?” ನೀನು ತಂಬುಳಿ ಸುರಿದುಕೊಳ್ಳುತ್ತಾ “ಅಡ್ಡಿಲ್ಲೆ” ಅಂದೆ. ನಾನು ಗಜಾನನಣ್ಣನ ಕಡೆ ನೋಡಿದೆ. ಅವನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ. ಅದೇ ವರ್ಷ ನನಗೆ ಸಿದ್ದಾಪುರದ ಸಂಬಂಧ ಗೊತ್ತುಮಾಡಿದೆ.

ಯಾಕಪ್ಪಾ? ನಾನು ಸೋಲುತ್ತೇನೆ ಅಂತಲೋ? ಗೆಲ್ಲುತ್ತೇನೆ ಅಂತಲೋ? ಮಗಳನ್ನು ತಂದು ಕೂರಿಸಿದ ಅನ್ನುತ್ತಾರೆ ಅಂತ ಹೆದರಿದೆಯೋ, ಅಥವಾ... ಒಂದು ಸಲ ನನಗಾದರೂ ಬಾಯಿಬಿಟ್ಟು ‘ಇಲ್ಲೆ’ ಅಂದಿದ್ದರೆ ಏನಾಗುತ್ತಿತ್ತು? ಅಳುತ್ತಿದ್ದೆ. ಅತ್ತು ಮುಗಿಸುತ್ತಿದ್ದೆ. ಬೆಂಚಿನ ಮೇಲೆ ಕೂತು ಹೋದವರ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದೆಯಲ್ಲ, ಆ ಸಿಟ್ಟು ಇನ್ನೂ ಹೋಗಿಲ್ಲ.

ನಿನ್ನ ವೈಕುಂಠ ಸಮಾರಾಧನೆ ಮುಗಿದ ಮಾರನೇ ದಿನ ಅಧ್ಯಕ್ಷರು ಹತ್ತು ಕಾರು ಜನ ಕಟ್ಟಿಕೊಂಡು ಸಿದ್ದಾಪುರಕ್ಕೆ ಬಂದರು. ಉಪಚುನಾವಣೆ, ಅನುಕಂಪದ ಅಲೆ, ಸಾಹೇಬರ ಮಾತು. ನಾನು ಅವತ್ತೇ ಹೇಳಬಹುದಿತ್ತು. ನನಗೆ ಹೇಳಿದ್ದಾದರೆ ಅದು ದಿಂಬಿನ ಮಾತು. ಅವರಿಗೇ ಹೇಳಿದ್ದಾದರೆ ಅದು ‘ಇಲ್ಲ’. ಹೇಗೆ ತಿರುಗಿಸಿದರೂ ಒಪ್ಪಿಗೆ ಅಲ್ಲ. ಇದು ಗೊತ್ತಿದ್ದವರು ಇಬ್ಬರೇ, ಗಜಾನನಣ್ಣ ಮತ್ತು ನಾನು. ಆಸ್ಪತ್ರೆಯಲ್ಲಿ ನೀನು ಹಾಗಂದಾಗ ಅವನು ಕೋಣೆಯಲ್ಲಿ ಇರಲಿಲ್ಲ. ನಾನು ತಲೆ ತಗ್ಗಿಸಿ ಕೂತೆ, ದುಃಖಕ್ಕೆ ಅಂತ ಅವರು ತಿಳಿದುಕೊಂಡರು. ಸುಳ್ಳು ಯಾಕೆ, ನನಗೆ ಆಸೆಯಾಗಿತ್ತು ಅಪ್ಪಾ. ಬದುಕಿದ್ದಾಗ ಕೊಡದ ಮಾತನ್ನು ಸತ್ತ ಮೇಲಾದರೂ ನಿನ್ನಿಂದ ಕಿತ್ತುಕೊಂಡೆ ಅಂತ ಒಳಗೊಳಗೇ ಖುಷಿಯೂ ಆಗಿತ್ತು. ಒಂದು ತಿಂಗಳು ಆ ಖುಷಿಯಲ್ಲೇ ಹಾರ ಹಾಕಿಸಿಕೊಂಡೆ.

ಆದರೆ ಕಿರವತ್ತಿಯ ನೀಲವ್ವ ಇದ್ದಳಲ್ಲ. ಹುಬ್ಬಳ್ಳಿಗೆ ಹೋಗುವಾಗ ಹೆದ್ದಾರಿಯ ಪಕ್ಕದ ಅವಳ ಖಾನಾವಳಿಯಲ್ಲಿ ನೀನು ರೊಟ್ಟಿ ತಿನ್ನದೆ ಮುಂದೆ ಹೋದದ್ದಿಲ್ಲ. ಪೂರ್ವದ ಹಳ್ಳಿಗಳಲ್ಲಿ ಪಕ್ಷದ ಬಾವುಟ ಹಿಡಿಯುವವರು ಯಾರೂ ಇಲ್ಲದ ಕಾಲದಿಂದ ಹಿಡಿದವಳು ಅವಳು. ಹೋದ ಚುನಾವಣೆ ಗೆದ್ದ ವಾರ ನಾನೂ ನಿನ್ನ ಜೊತೆಗಿದ್ದೆ. ಅವಳು ರೊಟ್ಟಿ ಹಾಕುತ್ತಾ, “ಸಾಹೇಬ್ರ, ಮುಂದಿನ ಸಲ ನಿಮ್ಮ ಸೀಟಿಗೆ ನಿಲ್ಲಾಕ ನನಗೊಂದು ಅವಕಾಶ ಕೊಡ್ರಿ. ಎಷ್ಟಂತ ಬರೇ ಬಾವುಟ ಹಿಡೀಲಿ?” ಅಂದಳು. ನೀನು ಅವಳ ಮುಖ ನೋಡಿ “ಆಗ್ತು” ಅಂದೆ. ಗಜಾನನಣ್ಣ ಕೈ ತೊಳೆದು ಬಂದು ಬರೆದುಕೊಂಡ. ನಾನು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದೆ, ಅದನ್ನು ನೀನು ಗಮನಿಸಿದೆಯಾ?

ಹೋದ ವಾರ ಗಜಾನನಣ್ಣ ಸಿದ್ದಾಪುರದ ಮನೆಗೆ ಬಂದ. ಚಹಾ ಕುಡಿದ, ಚೀಲದಿಂದ ಡೈರಿ ತೆಗೆದು ಟೀಪಾಯಿ ಮೇಲಿಟ್ಟ. “ಇದು ನಿನ್ನ ಹತ್ರ ಇರ್ಲಿ ಕೂಸೇ,” ಅಂದ. ಯಾಕೆ ಅಂದರೆ, “ಆನು ಎಂತದೂ ಹೇಳ್ತಿಲ್ಲೆ. ಬರೆಯೋದೊಂದೇ ನನ್ನ ಕೆಲ್ಸ.” ಅವನು ಹೋದ ಮೇಲೆ ಪುಟ ತಿರುಗಿಸಿದೆ. ನೀಲವ್ವನ ಹೆಸರು ಸಿಕ್ಕಿತು, ಮುಂದೆ ‘ಆಗ್ತು’. ಮನೆಯ ಅಟ್ಟದಲ್ಲಿ ಹಳೆಯ ಡೈರಿಗಳೂ ಇವೆ ಅಂತ ನೆನಪಾಯಿತು. ಮಂಚಿಕೇರಿಗೆ ಹೋಗಿ ಧೂಳು ಕೊಡವಿ, ಆ ಊಟದ ದಿನದ ಪುಟ ತೆಗೆದೆ. ಖಾಲಿಯಿತ್ತು.

ಇವತ್ತು ಬೆಳಿಗ್ಗೆ ಹತ್ತಕ್ಕೆ ಯಲ್ಲಾಪುರದಲ್ಲಿ ಪಕ್ಷದ ಸಭೆ. ಒಂದು ಹೆಸರು ಆರಿಸಿ ಮೇಲಕ್ಕೆ ಕಳಿಸುವುದು, ಅಷ್ಟೇ. ಹೆಸರು ಮೊದಲೇ ಟೈಪಾಗಿತ್ತು, ನನ್ನದು. ನನ್ನ ಕೈಚೀಲದಲ್ಲಿ ಡೈರಿ. ಅಧ್ಯಕ್ಷರು ಆಸ್ಪತ್ರೆಯ ಕತೆ ಹೇಳುತ್ತಾ ಹೇಳುತ್ತಾ ಅತ್ತರು, ಸಭೆಯಲ್ಲಿ ಅರ್ಧ ಜನ ಅತ್ತರು. ನೀಲವ್ವ ಮೂರನೇ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಅವಳು ಅಳುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಮೈಕು ನನ್ನ ಕೈಗೆ ಬಂತು. ಕೈಚೀಲವನ್ನು ಟೇಬಲ್ಲಿನ ಮೇಲಿಟ್ಟೆ.

“ಅವತ್ತು ಅಪ್ಪ ಅಡ್ಡಿಲ್ಲೆ ಅಂದಿದ್ದು ನಾನು ದಿಂಬು ಎತ್ತರ ಮಾಡಲಾ ಅಂತ ಕೇಳಿದ್ದಕ್ಕಿರಬೇಕು,” ಅಂದೆ. ಯಾರಿಗೂ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಅಧ್ಯಕ್ಷರು ನಗುತ್ತಲೇ ನನ್ನ ಪಕ್ಕ ಬಂದು ಮೈಕಿಗೆ ಅಂಗೈ ಅಡ್ಡ ಇಟ್ಟರು. “ತಂಗೀ, ದುಃಖದಲ್ಲಿದ್ದೀ ನೀನು. ಕೂತ್ಕ. ದಿಂಬಿನ ಕತೆ ಈಗ ಯಾರಿಗೆ ಬೇಕು?” ನಾನು ಅವರ ಕೈ ಸರಿಸಿದೆ. ಅಪ್ಪ ಆಗುವುದಕ್ಕೆ ಏನು ಅನ್ನುತ್ತಿದ್ದ, ಆಗದ್ದಕ್ಕೆ ಏನು ಅನ್ನುತ್ತಿದ್ದ, ಎಲ್ಲ ಹೇಳಿದೆ. ಅಲ್ಲಿ ಕೂತವರೆಲ್ಲ ಒಂದಲ್ಲ ಒಂದು ದಿನ ನಿನ್ನಿಂದ ಅಡ್ಡಿಲ್ಲೆ ಅನ್ನಿಸಿಕೊಂಡು ಹೋದವರು. ಒಬ್ಬೊಬ್ಬರ ಮುಖದಲ್ಲೂ ಹಳೆಯ ಅರ್ಜಿ ನೆನಪಾಗುತ್ತಿರುವುದು ಕಾಣುತ್ತಿತ್ತು. ನಿನ್ನ ಮಾನ ಕಳೆದೆನಾ ಅಪ್ಪಾ? ಆ ಕ್ಷಣ ಹಾಗೇ ಅನ್ನಿಸಿತು, ಆದರೂ ನಿಲ್ಲಿಸಲಿಲ್ಲ.

ಆಮೇಲೆ ಗದ್ದಲ ಎದ್ದಿತು. “ಹಾಗಾದ್ರೆ ಒಂದು ತಿಂಗ್ಳು ನಮ್ಮನ್ನ ಕೋಡಂಗಿ ಮಾಡಿದ್ರಾ?” ಅಂತ ಒಬ್ಬರು ಕೂಗಿದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಕುರ್ಚಿ ಬಿದ್ದವು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಗಜಾನನಣ್ಣನನ್ನು ಕರೆದು ಡೈರಿ ಕೈಗೆ ಕೊಟ್ಟೆ. ಜೀವಮಾನವಿಡೀ ವೇದಿಕೆ ಹತ್ತದವನು ಹತ್ತಿದ. ಪುಟ ತೆಗೆದು ದಿನ, ಜಾಗ, ನೀಲವ್ವನ ಹೆಸರು, ನಿನ್ನ ‘ಆಗ್ತು’ ಅಷ್ಟನ್ನೇ ಓದಿ ಕೆಳಗಿಳಿದ. ಎರಡು ತಾಸು ಜಗಳವಾಗಿ, ಅರ್ಧ ಜನ ಎದ್ದು ಹೋಗಿ, ಉಳಿದವರು ನೀಲವ್ವನ ಹೆಸರಿಗೆ ಕೈ ಎತ್ತಿದರು. ಎದ್ದು ಹೋದವರೇ ಬ್ಯಾನರು ಹರಿದದ್ದು.

ಸಂಜೆ ಐದಕ್ಕೆ ನೀಲವ್ವ ಇಲ್ಲಿಗೆ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ ಅಂತ ನಾನು ಎದ್ದು ನಿಂತೆ. ನನ್ನ ದಡ್ಡತನ ನೋಡು. ಅವಳು ಬೆಂಚಿನ ಆ ತುದಿಗೆ ಕೂತು, “ತಿಂಗಳಾತ್ರಿ ಅಕ್ಕಾರ. ಒಂದು ತಿಂಗಳು ಯಾಕ ಬಾಯಿ ಮುಚ್ಕೊಂಡು ಕುಂತಿದ್ರಿ?” ಅಂದಳು. “ಆಸೆ ಇತ್ತು,” ಅಂದೆ. ಅವಳು ತಲೆಯಾಡಿಸಿದಳು. “ಅದು ನನಗೂ ಐತಿ. ಸಾಹೇಬ್ರ ಅಡ್ಡಿಲ್ಲೆ ಅಂದ್ರ ಏನಂತ ನನಗ ಗೊತ್ತಿಲ್ಲೇನ್ರಿ? ಇಪ್ಪತ್ತು ವರ್ಷ ರೊಟ್ಟಿ ಬಡಿದೀನಿ. ಇನ್ನೊಂದು ಹಾಕ್ಲೇನ್ರಿ ಅಂದಾಗ ಆಗ್ತು ಅಂದ್ರ ಹಾಕ್ತಿದ್ದೆ. ಅಡ್ಡಿಲ್ಲೆ ಅಂದ್ರ ತಾಟು ತಗೀತಿದ್ದೆ.”

ಕೇಳಿದೆಯಾ ಅಪ್ಪಾ? ನಮ್ಮ ಮನೆಯ ಗುಟ್ಟು ಅಂತ ನಾವು ಮೂವರು ಕಾಪಾಡಿಕೊಂಡು ಬಂದದ್ದು ಕಿರವತ್ತಿಯ ಖಾನಾವಳಿಗೆ ಮೊದಲಿನಿಂದಲೂ ಗೊತ್ತಿತ್ತು. “ಹಾಗಿದ್ರೆ ನೀವ್ಯಾಕೆ ಸುಮ್ನಿದ್ರಿ?” ಅಂದೆ. “ನಾ ಹೇಳಿದ್ರ ಯಾರು ನಂಬ್ತಾರ? ಟಿಕೀಟಿನ ಆಸೆಗೆ ಸತ್ತವರ ಮಾತು ತಿರುವ್ಯಾಳ ಅಂತಿದ್ರು. ಹೇಳಿದ್ರ ನೀವ ಹೇಳಬೇಕಿತ್ತು. ಕಾದೆ.” ಅವಳ ಕಣ್ಣು ಆಗ ತುಂಬಿತು, ತಕ್ಷಣ ಒರೆಸಿಕೊಂಡಳು. “ಈಗ ಅರ್ಧ ಮಂದಿ ಬಿಟ್ಟು ಹೋಗ್ಯಾರ. ನಾಳೆ ಮುಂಜಾನೆ ಎಂಟಕ್ಕ ಕಿರವತ್ತಿಯಿಂದ ಹೊರಡ್ತೀನಿ. ನನ್ನ ಜೋಡಿ ಬರ್ತೀರೇನು? ಮಂಚಿಕೇರ್ಯಾಗ ನಿಮ್ಮ ಮಂದಿ ಮುಂದ ನಿಂತು, ಮೈಕ್ ಹಿಡಿದು ನನ್ನ ಹೆಸರು ಹೇಳ್ತೀರೇನು?”

ಮಂಚಿಕೇರಿ. ನಾನು ನಿಲ್ಲಬೇಕಾಗಿದ್ದ ಊರು. ಅಲ್ಲಿ ನನ್ನ ಮೇಲೆ ಏನು ಬೀಳುತ್ತದೋ, ಯಾರು ಮುಖ ತಿರುಗಿಸುತ್ತಾರೋ... ಒಂದು ಮಾತು ತುಟಿಯವರೆಗೆ ಬಂದೇಬಿಟ್ಟಿತ್ತು ಅಪ್ಪಾ, ನಿನ್ನದೇ ಮಾತು, ನಿನ್ನದೇ ಧಾಟಿಯಲ್ಲಿ. ಅಂದಿದ್ದರೆ ಅವಳು ತಾಟು ಎತ್ತಿಕೊಂಡು ಹೋದ ಹಾಗೆ ಸುಮ್ಮನೆ ಎದ್ದು ಹೋಗುತ್ತಿದ್ದಳು. ನನಗೆ ಅಳು ಬಂತು. ನೀನು ಎಷ್ಟು ಸಲ ಈ ಕೋಣೆಯಲ್ಲಿ ಹೀಗೆ ಹೆದರಿದ್ದೆಯೋ ಅಂತ ಮೊದಲ ಸಲ ಅನ್ನಿಸಿತು.

“ಆಗ್ತು,” ಅಂದೆ.

ಬಾಗಿಲ ಹತ್ತಿರ ನಿಂತಿದ್ದ ಗಜಾನನಣ್ಣ ಪೆನ್ನಿನ ಮುಚ್ಚಳ ತೆಗೆದ.

ನಿನ್ನ ಮಗಳು,
ಸುಮಾ