ಅಸಿಂಧು

ಮಾರ್ಚ್ ೧೧, ಮಂಗಳವಾರ

ನಾಳೆ ತೀರ್ಪು. ಎರಡು ವರ್ಷದೊಳಗಿನ ಮಗುವಿರುವ ತಾಯಿ ಪ್ರಯೋಗಾಲಯದಲ್ಲಿ ದುಡಿಯಬಾರದು ಎಂಬ ಈ ಪರದೇಶದ ಹೊಸ ಕಾನೂನಿನಿಂದ ನನ್ನ ಕೆಲಸ ಹೋಯಿತು. ಅದು ಸಂವಿಧಾನಕ್ಕೆ ವಿರುದ್ಧ, ಅಸಿಂಧು ಎಂದು ಸಾರಬೇಕೆಂದು ಕೋರಿ ಕೋರ್ಟಿನ ಮೆಟ್ಟಿಲು ಹತ್ತಿದವಳು ನಾನೇ.

ಊಟಕ್ಕೆ ಕೂತಾಗ ಅತ್ತೆ, "ಅದ್ಯಾರೇ ಅಸಿಂಧು? ಸಿಂಧು ತಂಗೀನಾ?" ಎಂದರು. ಇವರು ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡರು. ನನಗೆ ನಗು ಬರಲಿಲ್ಲ.

ಕಾನೂನನ್ನೇ ಹೊಡೆದುಹಾಕುವ ಅಧಿಕಾರ ಕೋರ್ಟಿಗೆ ಎಲ್ಲಿಂದ ಬಂತು ಎಂದು ಸಂಜೆ ವಕೀಲಮ್ಮನನ್ನು ಕೇಳಬಾರದಿತ್ತು.

"ನಮ್ಮ ದೇಶದ ಹಾಗಲ್ಲ, ಇಲ್ಲಿನ ಸಂವಿಧಾನದಲ್ಲಿ ಆ ಮಾತೇ ಇಲ್ಲಮ್ಮ. ಹಿಂದೆ ಯಾವುದೋ ಕೇಸಲ್ಲಿ ಒಬ್ಬ ಜಡ್ಜು, ಕಾನೂನಿಗೂ ಸಂವಿಧಾನಕ್ಕೂ ಜಗಳ ಬಿದ್ರೆ ಸಂವಿಧಾನಾನೇ ದೊಡ್ಡದು, ಅದನ್ನ ಹೇಳೋದು ನನ್ನ ಕೆಲಸ ಅಂದ್ರು. ಯಾರೂ ಬೇಡ ಅನ್ನಲಿಲ್ಲ. ಹಾಗೇ ನಡ್ಕೊಂಡು ಬಂದಿದೆ."

ನಡೆದುಕೊಂಡು ಬಂದಿದೆಯಂತೆ! ಒಬ್ಬರು ತರ್ಕದಿಂದ ಪಡೆದದ್ದನ್ನು ಇನ್ನೊಬ್ಬರು ನಾಳೆ ಕೈಬಿಟ್ಟರೆ? ಕಾನೂನು ಮಾಡುವುದು ಶಾಸನಸಭೆ, ನಮಗೇಕೆ ಊರ ಉಸಾಬರಿ ಎಂದುಬಿಟ್ಟರೆ? ಸರ್ಕಾರದ ವಕೀಲರು ವಾದಿಸಿದ್ದೂ ಅದನ್ನೇ.

ಇವರನ್ನು ಎಬ್ಬಿಸಿ ಹೇಳಿದೆ. "ನಿನ್ನ ಮಗಳು ನಿನ್ನ ತೋಳನ್ನ ದಿಂಬು ಮಾಡ್ಕೊಂಡಿದಾಳಲ್ಲ, ಅವಳಿಗೆ ಅಧಿಕಾರ ಕೊಟ್ಟೋರು ಯಾರು? ಸುಮ್ನೆ ಮಲ್ಕೊಳೇ," ಎಂದು ಮಗ್ಗುಲು ಬದಲಿಸಿದರು.

ಯಾರೂ ಕೊಡಲಿಲ್ಲ. ಒಂದು ದಿನ ತಾನಾಗಿ ತಲೆಯಿಟ್ಟಳು, ನಾನು ಬೇಡ ಅನ್ನಲಿಲ್ಲ. ಈಗ ತೋಳು ಜೋಮು ಹಿಡಿದು ಬರೆಯುವುದೇ ಕಷ್ಟವಾಗಿದೆ. ಆದರೂ ಎಳೆದುಕೊಳ್ಳಲು ಮನಸ್ಸು ಬರುತ್ತಿಲ್ಲ. ನಾಳೆ ಆ ಪೀಠದಲ್ಲಿ ಕೂತವರಿಗೂ ಆ ಅಧಿಕಾರವನ್ನು ಕೈಬಿಡಲು ಹೀಗೇ ಮನಸ್ಸು ಬಾರದಿರಲಿ.