ಗ್ರೌಬ್ಲೆಖ್‌ನ ನಾಲ್ಕನೆಯ ಆಲ್ಬಮ್

ಬೆಟಗೇರಿ
೧೬ ಫೆಬ್ರವರಿ ೨೦೨೫

ಪ್ರೀತಿಯ ಶಕೀಲ,

ಸಲಾಂ, ಶರಣು, ಲಾಲ್ ಸಲಾಂ, ಬೇಕಾದ್ದನ್ನು ಇಟ್ಟುಕೋ. ತಡವಾಯಿತು, ಬೈದುಬಿಡು. ಫೋನಿಗೆ ಕಳಿಸಿದರೆ ಒಂದು ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀ. ಕಾಗದವಾದರೆ, ಲಕ್ಷ್ಮೇಶ್ವರದ ನಿನ್ನ ಶಾಲೆಯ ಮಕ್ಕಳು ಮನೆಗೆ ಹೋದಮೇಲಾದರೂ ಕೂತು ಓದಲೇಬೇಕು.

ಗ್ರೌಬ್ಲೆಖ್ ಹೊಸ ಆಲ್ಬಮ್ ತಂದಿದೆ! ನಮ್ಮ ಕರೆಂಟು ಮಗ್ಗದ ಶೆಡ್ಡಿನಲ್ಲಿ ಒಂದೇ ಇಯರ್‌ಫೋನು ಹಂಚಿಕೊಂಡು ಕೇಳುತ್ತಿದ್ದೆವಲ್ಲ, ಅದೇ ಜರ್ಮನಿಯ ಬ್ಯಾಂಡು! ಮೊದಲ ಆಲ್ಬಮ್‌ಗೆ ಅವರು ಮುಚ್ಚಿದ ಉಕ್ಕಿನ ಕಾರ್ಖಾನೆಗೆ ನುಗ್ಗಿ ತೊಲೆ, ತಗಡು, ಡ್ರಿಲ್ ಮಷೀನು ಬಾರಿಸಿ ಚೀರಿದ್ದರು. ಕೆಲಸ ಕಳೆದುಕೊಂಡವರ ಮಕ್ಕಳು ಅಪ್ಪಂದಿರ ಯಂತ್ರಗಳಿಗೆ ದನಿ ಕೊಟ್ಟಿದ್ದರು. ಅದನ್ನು ಕೇಳಿಯೇ ಅಲ್ಲವೇ ನಾವೂ ಬ್ಯಾಂಡು ಕಟ್ಟಿದ್ದು? ಮಗ್ಗದ ಸದ್ದಿಗೆ ನನ್ನ ಘೋಷಣೆ, ನಿನ್ನ ಖಾಲಿ ಎಣ್ಣೆ ಡಬ್ಬ! ಎರಡನೆಯದರಲ್ಲಿ ಅವರಿಗೆ ಗಿಟಾರು ಬಂತು, ವೇದಿಕೆಗೆ ಬೆಂಕಿ ಬಂತು, ಮೈದಾನಗಳು ತುಂಬಿದವು. ಆಮೇಲೆ ಡ್ರಮ್ ಬಾರಿಸುವ ಉರ್ಸುಲಾ ಬಿಟ್ಟುಹೋದಳು. ಮೂರನೆಯದಕ್ಕೆ ಅವಳ ಜಾಗದಲ್ಲಿ ಕಂಪ್ಯೂಟರ್ ಕೂರಿಸಿದರು. ಒಂದು ಪೆಟ್ಟೂ ತಪ್ಪಲಿಲ್ಲ. ಎಲ್ಲರೂ ಕುಣಿದರು, ಯಾರೂ ಸಿಟ್ಟಿಗೇಳಲಿಲ್ಲ.

ಈಗ ಕಂಪ್ಯೂಟರನ್ನು ಕಿತ್ತೆಸೆದಿದ್ದಾರೆ! ಹಾಡು ನಿಧಾನವಾಗಿದೆ. ಚೀರುತ್ತಿದ್ದವನು ಪಿಸುಗುಡುತ್ತಾನೆ. ಉರ್ಸುಲಾಳ ಪೆಟ್ಟು ಬೀಳಬೇಕಾದ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಮೈ ಜುಮ್ಮೆನ್ನುತ್ತದೆ, ಶಕೀಲ!

ನಿನ್ನೆ ಊಟದ ಹೊತ್ತಿನಲ್ಲಿ ಶೆಡ್ಡಿನ ಸ್ಪೀಕರಿಗೆ ಹಚ್ಚಿದೆ. ತಗಡಿನ ಸದ್ದು ಮಗ್ಗದ ಹಾಗೇ ಖಟಖಟ ಎನ್ನುತ್ತಿತ್ತು, ತಟ್ಟನೆ ನಿಂತಿತು. ಕಟ್ಟೆಯ ಮೇಲೆ ತೂಕಡಿಸುತ್ತಿದ್ದ ಅಪ್ಪ ಎದ್ದು ಓಡಿಬಂದ. "ವಿದ್ಯಾ, ಎಳಿ ಹರದೈತಿ, ನೋಡವಾ!" ನೂಲಿನ ಎಳೆ ಹರಿದರೆ ಮಗ್ಗ ತಾನೇ ನಿಲ್ಲುತ್ತದಲ್ಲ!

ಅವ್ವ ನಕ್ಕಳು. "ಮಗ್ಗ ನಿಂತು ತಾಸಾತು. ನಿಮ್ಮ ಮಗಳ ಜರ್ಮನಿ ಬೀಗರು ಬಂದಾರ, ಚಾ ಕೊಡ್ರಿ."

"ಹರದಿಲ್ಲಪ್ಪಾ, ಬೇಕಂತನ ಬಿಟ್ಟಾರ" ಎಂದೆ.

"ಬೇಕಂತ ಯಾರರೆ ಎಳಿ ಬಿಡತಾರೇನು? ಹುಚ್ಚ ಮಂದಿ" ಎಂದ. ಹೋಗಲಿಲ್ಲ, ನಿಂತೇ ಇದ್ದ. ಆಮೇಲೆ, "ಇನ್ನೊಮ್ಮೆ ಹಚ್ಚು" ಎಂದ.

ಶೈಲಿ ಬದಲಾಗಲೇಬೇಕು! ಕಾರ್ಖಾನೆ ಬದಲಾಗುತ್ತದೆ, ಮಾಲೀಕ ವೇಷ ಬದಲಿಸುತ್ತಾನೆ, ನಮ್ಮ ಸದ್ದೊಂದೇ ಹಳೆಯದಾಗಿ ಉಳಿದರೆ ಯಾರನ್ನು ಎಬ್ಬಿಸೀತು?

ಈಗ ಕೇಳು. ಮಾರ್ಚ್ ಎಂಟಕ್ಕೆ ಗದಗಿನಲ್ಲಿ ದುಡಿಯುವ ಹೆಣ್ಣುಮಕ್ಕಳ ಸಭೆ ಇದೆ. ನಮ್ಮ ಬ್ಯಾಂಡನ್ನು ಕರೆದಿದ್ದಾರೆ. ನಮ್ಮ ಮೊದಲ ವೇದಿಕೆ! ನೀನು ಬರಲೇಬೇಕು. ಸಭೆ ನಡೆಸುವ ಅಮೃತವ್ವ, "ಆಕಿ ಬರದಿದ್ರ ಮೊಬೈಲಿನ್ಯಾಗ ಡ್ರಮ್ ಹಚ್ಚಿದ್ರಾತು" ಎಂದರು.

"ಹೆಣ್ಮಕ್ಕಳ ಕೆಲಸಾ ಮಷೀನಿಗೆ ಕೊಡಬ್ಯಾಡ್ರಿ ಅಂತ ಭಾಷಣ ಮಾಡಾಕಿ ನೀವ ಅಲ್ಲೇನ್ರಿ?" ಎಂದೆ.

"ನಿನ್ನ ಬಾಯಿಗೆ ಹಾಕೋ ಕೀಲಿ ಯಾವ ಕಂಪನ್ಯಾಗೂ ಸಿಗೂದಿಲ್ಲ ನೋಡು" ಎಂದು ಬೆನ್ನಿಗೆ ಗುದ್ದಿದರು. ಮೊಬೈಲ್ ಹಚ್ಚುವುದಿಲ್ಲ. ನೀನಿಲ್ಲದಿದ್ದರೆ ನಾನು ವೇದಿಕೆ ಹತ್ತುವುದೂ ಇಲ್ಲ.

ನಿನ್ನ ಕೈಗಳಿಗೆ ದಣಿವು ಬಾರದಿರಲಿ. ಶಾಲೆಯ ಚಿಳ್ಳೆಪಿಳ್ಳೆಗಳಿಗೆಲ್ಲ ನನ್ನ ಮುತ್ತು.

ನಿನ್ನ
ವಿದ್ಯಾಶ್ರೀ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ: ನಿನ್ನ ತಂಗಿ ಮುನ್ನಿ ಸಿಕ್ಕಿದ್ದಳು. ನೀನು ಅಲ್ಲಿ ಮದುವೆಮನೆಗಳಲ್ಲಿ ಹಾಡುವ ಹೆಂಗಸರ ಜೊತೆ ಡೋಲಕ್ ಬಾರಿಸುತ್ತೀಯಂತೆ. "ಅಕ್ಕಾ ಬಾರಿಸ್ಕೋಂತ ಎಷ್ಟ ನಗತಾಳ್ರಿ!" ಎಂದಳು. ನನಗೆ ಹೇಳಲಿಲ್ಲವೆಂದು ಸಿಟ್ಟಿಲ್ಲ. ಆದರೆ ಇಷ್ಟು ವರ್ಷ ನಿನ್ನ ಪಕ್ಕದಲ್ಲೇ ನಿಂತು ಕೂಗಿದೆ, ಬಾರಿಸುವಾಗ ನೀನು ನಕ್ಕಿದ್ದು ನಾನು ಒಮ್ಮೆಯೂ ಕಂಡಿಲ್ಲ. ನಮ್ಮ ಬ್ಯಾಂಡು ನಿನಗೆ ಯಾವಾಗಲಾದರೂ ಇಷ್ಟವಿತ್ತಾ? ಮಾರ್ಚ್ ಎಂಟಕ್ಕೆ ಬರದಿದ್ದರೂ ಸರಿ, ಇದನ್ನು ಮಾತ್ರ ಖರೆ ಹೇಳು.