ಭಾನುವಾರದ ಕ್ಲಾಸಿನಲ್ಲಿ ಬದನೆಕಾಯಿ

ತ್ರಿಪ್ಲಿಕೇನ್, ಜುಲೈ 2004

ಅಪ್ಪಾ,

ನಿಮ್ಮ ಭಾನುವಾರದ ಕನ್ನಡ ಕ್ಲಾಸನ್ನು ಕೆಡಿಸಲು ನನಗೆ ತಗುಲಿದ್ದು ಮೂರು ಭಾನುವಾರ, ಒಂದು ಬುಟ್ಟಿ ತರಕಾರಿ, ಇಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ ಕಮಲಾಕರರ ಸ್ನೇಹ. ದುಬಾರಿಯೇನಲ್ಲ.

ಹೋದ ವರ್ಷ ನೀವು ತೀರಿಕೊಂಡಮೇಲೆ ಉಳಿದದ್ದು ಆರೇ ಮಕ್ಕಳು. ಕ್ಲಾಸು ಮುಚ್ಚೋಣವೆಂದೇ ಇವತ್ತು ಕಮಲಾಕರ ಬಂದಿದ್ದರು. ಸೌಕಾರ್‌ಪೇಟೆಯಲ್ಲಿ ಸೀರೆ ಮಾರುವ, ನೀವು ಕೇಳಿಕೊಂಡರೂ ಮೇಷ್ಟ್ರಾಗದ ನನಗೆ ಪಾಠ ಎಲ್ಲಿ ಬರುತ್ತೆ? ಕ್ಲಾಸು ವಹಿಸಿಕೊಂಡ ಮೊದಲ ಭಾನುವಾರವೇ, ಏನು ಕಲೀತೀರೋ ನೀವೇ ಹೇಳಿ ಅಂತ ಮಕ್ಕಳಿಗೆ ಬಿಟ್ಟಿದ್ದೆ. ಕಾಗುಣಿತ ಬೇಡ, ಅಂಗಡಿ ಆಟ ಅಂದರು. ತಮಿಳಲ್ಲಿ ಕೇಳಿದವರಿಗೆ ಮಾಲು ಇಲ್ಲ ಅನ್ನೋ ಕಾನೂನೂ ಅವರದೇ.

ನವ್ಯಾ ನೆನಪಿದ್ದಾಳಲ್ಲ? ಎರಡು ವರ್ಷ ನೀವು ಏನು ಕೇಳಿದರೂ "ತೆರಿಯಾದು ಸಾರ್", ಗೊತ್ತಿಲ್ಲ ಸಾರ್, ಅಂತ ತಮಿಳಲ್ಲೇ ಅಂದವಳು. ಇವತ್ತು ಸೊಂಟದ ಮೇಲೆ ಕೈಯಿಟ್ಟು, "ಈ ಬಾಡಿದ ಬದನೆಕಾಯಿಗೆ ಹತ್ತು ರೂಪಾಯಾ? ಹಸುವೂ ಮೂಸಲ್ಲ ಕಣ್ರೀ!" ಅಂತ ಅಂಗಡಿಯವನಾದ ನನ್ನನ್ನೇ ದಬಾಯಿಸಿದಳು.

"ಅಯ್ಯೋ, ಥೇಟ್ ನಮ್ಮತ್ತೆ!" ಅಂತ ಕಿಟಕಿಯಾಚೆ ಅವಳ ತಾಯಿ ಉಷಾ ನಕ್ಕರು. ಚಿಕ್ಕ ಮಗಳ ಹೆಸರನ್ನೂ ಕ್ಲಾಸಿಗೆ ಅಲ್ಲೇ ಬರೆಸಿದರು. ಜೊತೆಗಿದ್ದ ತಾಯಂದಿರೂ ತಮ್ಮ ಮಕ್ಕಳ ಹೆಸರು ಬರೆಸಿ, ಹೊಸಬರು ಐವರಾದರು.

"ಇದು ಕ್ಲಾಸೋ ಸಂತೆಯೋ? ನಿಮ್ಮ ತಂದೆ ಇದ್ದಿದ್ದರೆ..." ಅಂದರು ಕಮಲಾಕರ.

"ಬೆತ್ತ ತಗೊಳ್ತಿದ್ರು. ಇವಳು ತೆರಿಯಾದು ಅಂತಲೇ ಇರ್ತಿದ್ದಳು" ಅಂದೆ. ಅಂದದ್ದಕ್ಕೆ ಪಶ್ಚಾತ್ತಾಪವಿಲ್ಲ. ನಿನಗೇನು ಬೇಕೋ ಅಂತ ನನ್ನನ್ನೂ ನೀವು ಒಂದು ಸಲ... ಇರಲಿ.

ಕೊನೆಗೆ ನವ್ಯಾಗೆ ಬಾಯಿ ಬಂತು. ಕ್ಲಾಸಿಗೆ ಹನ್ನೊಂದು ಮಕ್ಕಳಾದರು. ಕಮಲಾಕರರಿಗೆ ಬೆಂಚು ಹುಡುಕುವ ಕೆಲಸ ಸಿಕ್ಕಿತು. ನಿಮಗೆ, ನೀವು ಕೇಳಿಕೊಂಡಂತೆಯೇ, ಮೇಷ್ಟ್ರಾದ ಮಗ ಸಿಕ್ಕಿದ, ಒಂದು ವರ್ಷ ತಡವಾಗಿ.